ಪೆಟ್ರೋಲ್ ಬದಲಾಯಿತು, ಕಾರ್ಬ್ಯುರೇಟರಿಗೆ ಹೇಳಿದವರು ಯಾರು?

ಕಾರ್ಬ್ಯುರೇಟರಿಗೆ ಕಣ್ಣಿಲ್ಲ, ಮೂಗಿಲ್ಲ. ಟ್ಯಾಂಕಿಗೆ ಏನು ಬಿತ್ತು ಎಂದು ಅದು ನೋಡಲಾರದು. ಸೈಲೆನ್ಸರಿನಿಂದ ಏನು ಹೊರಬಂತು ಎಂದು ಮೂಸಲಾರದು. ಅದರ ಹೊಟ್ಟೆಯೊಳಗಿನ ಹಿತ್ತಾಳೆಯ ಜೆಟ್ಟಿಗೆ ಕಾರ್ಖಾನೆಯಲ್ಲಿ ತೂತು ಕೊರೆದ ದಿನ ಯಾವ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿದಿದ್ದರೋ, ಇಂದಿಗೂ ಅದೇ ಬರುತ್ತಿದೆ ಎಂದುಕೊಂಡು ಅದು ದುಡಿಯುತ್ತದೆ. ಆದರೆ ಪೆಟ್ರೋಲ್ ಬದಲಾಗಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಬಿಡುಗಡೆ ಮಾಡಿದ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್, 2025ರ ಹೊತ್ತಿಗೆ ದೇಶದ ಮಾಮೂಲಿ ಪೆಟ್ರೋಲ್ ಆಗಿಹೋಯಿತು. ಬಂಕಿನವರಿಗೆ ಗೊತ್ತಾಯಿತು, ಎಣ್ಣೆ ಕಂಪನಿಗಳಿಗೆ ಗೊತ್ತಾಯಿತು, ಹೊಸ ಬೈಕು ಮಾಡುವವರಿಗೆ ಗೊತ್ತಾಯಿತು. ಹಳೆಯ ಬೈಕಿನ ಹಿತ್ತಾಳೆ ತೂತಿಗೆ ಮಾತ್ರ ಯಾರೂ ಹೇಳಲಿಲ್ಲ.

ನನ್ನ ವಾದ ಇಷ್ಟೇ: ಇಂಧನವನ್ನು ಬದಲಿಸಿದವರೇ ಆ ತೂತನ್ನೂ ಬದಲಿಸಿಕೊಡಬೇಕು. ಕನಿಷ್ಠ, ಹೇಗೆ ಬದಲಿಸಬೇಕು ಎಂದು ಬೀದಿ ಬದಿಯ ಮೆಕ್ಯಾನಿಕ್‌ಗೆ ಲಿಖಿತವಾಗಿ ತಿಳಿಸಬೇಕು. ಇದು ಎಥೆನಾಲ್ ವಿರುದ್ಧದ ಬರಹವಲ್ಲ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಬೆಳೆಗಾರನಿಗೆ ಎಥೆನಾಲಿನಿಂದ ಎರಡು ಕಾಸು ಬೇಗ ಸಿಗುವುದಾದರೆ ನನ್ನ ಅಡ್ಡಿಯಿಲ್ಲ. ಕಾರ್ಬ್ಯುರೇಟರಿನ ಕಾಲವೇ ಚೆನ್ನಾಗಿತ್ತು ಎಂಬ ಹಳಹಳಿಕೆಯೂ ಇದಲ್ಲ. ಅದು ಹೊಗೆ ಕಕ್ಕಿದ ಯಂತ್ರ, ಹೋಗಬೇಕಾದದ್ದೇ, ಹೋಗುತ್ತಿದೆ. ಪ್ರಶ್ನೆ ಇರುವುದು ಅದು ಹೋಗುವ ತನಕದ ವರ್ಷಗಳದ್ದು.

ಆ ವರ್ಷಗಳು ಎಷ್ಟು? ದ್ವಿಚಕ್ರ ವಾಹನಗಳಲ್ಲಿ ಬಹುತೇಕ ಎಲ್ಲವೂ ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದದ್ದು 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಗೆ ಬಂದಾಗ. ಅದರ ಹಿಂದಿನ ತಿಂಗಳು, ಮಾರ್ಚ್ 2020ರಲ್ಲಿ, ಕಾರ್ಬ್ಯುರೇಟರ್ ಇರುವ ಬೈಕು ಕೊಂಡವರ ನೋಂದಣಿ 15 ವರ್ಷಕ್ಕೆ, ಅಂದರೆ 2035ರವರೆಗೆ ಊರ್ಜಿತ. ಆಮೇಲೂ ನವೀಕರಿಸಿಕೊಳ್ಳಬಹುದು. ಇನ್ನೂ ಹತ್ತು ವರ್ಷದ ಮಾತು ಇದು.

ಸ್ಟೇಷನ್ ಬೈಕು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಕಡೆ ಇದ್ದವರಿಗೆ ಈ ಬೈಕುಗಳು ಯಾವುವು ಎಂದು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರುಗಳ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿ ಬೈಕಿನ ಮೊದಲ ಕೆಲಸ ಆಫೀಸಿಗೆ ಹೋಗುವುದಲ್ಲ, ಸ್ಟೇಷನ್ನಿಗೆ ಹೋಗುವುದು. ಮನೆಯಿಂದ ಎರಡು ಕಿಲೋಮೀಟರ್ ಓಡಿಸಿ, ಸ್ಟೇಷನ್ ಪಕ್ಕದ ಪಾರ್ಕಿಂಗ್‌ನಲ್ಲಿ ಹ್ಯಾಂಡಲಿಗೆ ಹ್ಯಾಂಡಲ್ ತಾಗುವಂತೆ ನಿಲ್ಲಿಸಿ, 8-15ರ ಫಾಸ್ಟ್ ಹಿಡಿದರೆ ಮತ್ತೆ ಆ ಬೈಕು ಕಾಣುವುದು ರಾತ್ರಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಅದರ ದಿನದ ಕೆಲಸ ಮುಗಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹನ್ನೆರಡು ಗಂಟೆ ಮಳೆಯಲ್ಲಿ ನೆನೆಯುತ್ತದೆ. ಕಾರ್ಬ್ಯುರೇಟರಿಗೆ ಇದಕ್ಕಿಂತ ಕೆಟ್ಟ ಬಾಳು ಇಲ್ಲ.

ಎರಡನೆಯ ಬಗೆಯವು ದಿನವಿಡೀ ದುಡಿಯುವ ಬೈಕುಗಳು. ಭಿವಂಡಿಯ ಗೋದಾಮುಗಳಿಂದ ಪಾರ್ಸೆಲ್ ಹೊರುವವು, ವಾಶಿಯ ಎಪಿಎಂಸಿ ಮಾರುಕಟ್ಟೆಗೆ ನಸುಕಿನಲ್ಲೇ ಹೊರಡುವವು, ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಪಾಳಿಗೆ ಓಡುವವು, ಉಡುಪಿ ಹೊಟೇಲಿನಿಂದ ಪಾರ್ಸೆಲ್ ಒಯ್ಯುವವು, ಪೇಪರು-ಹಾಲು ಹಾಕುವವು. ಎಂಎಚ್-04, ಎಂಎಚ್-05, ಎಂಎಚ್-43 ನಂಬರುಗಳ ಈ ಬೈಕುಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವೇ ಬಹಳ, ಏಕೆಂದರೆ ಹೊಸದನ್ನು ಕೊಳ್ಳಬಲ್ಲವರು ಈ ಕೆಲಸಕ್ಕೆ ಬರುವುದು ಕಡಿಮೆ. ಹಾಗಾಗಿ ಕಾರ್ಬ್ಯುರೇಟರ್ ಇಂದು ಯಾರ ಕೈಯಲ್ಲಿದೆ ಎಂಬುದು ತಾಂತ್ರಿಕ ಪ್ರಶ್ನೆಯಷ್ಟೇ ಅಲ್ಲ, ಸಂಬಳದ ಪ್ರಶ್ನೆಯೂ ಹೌದು.

ಹದ

ಕಾರ್ಬ್ಯುರೇಟರ್ ಮಾಡುವುದು ಒಂದೇ ಕೆಲಸ: ಹದ. ಪೆಟ್ರೋಲ್ ತಾನಾಗಿ ಎಂಜಿನ್ನಿನಲ್ಲಿ ಉರಿಯದು. ಗಾಳಿಯೊಂದಿಗೆ, ಅದೂ ಸರಿಯಾದ ಪ್ರಮಾಣದಲ್ಲಿ ಬೆರೆತರೆ ಮಾತ್ರ ಉರಿಯುತ್ತದೆ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದು ಸಣ್ಣದಾಗಿ ಕಾಣುತ್ತದೆ. ಅಳತೆಯಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ: ಡೊಂಬಿವಲಿಯ ಒಂದು ಚಿಕ್ಕ ಅಡುಗೆಮನೆ ತುಂಬುವಷ್ಟು. ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್ ಭಾಷೆಯಲ್ಲಿ ‘ರಿಚ್’. ಹೊಗೆ ಕಪ್ಪು, ಪ್ಲಗ್ಗಿಗೆ ಮಸಿ, ಜೇಬಿಗೆ ತೂತು. ಗಾಳಿ ಹೆಚ್ಚಾದರೆ ‘ಲೀನ್’; ಪಿಕಪ್ ಇಲ್ಲ, ಎಂಜಿನ್ ಬಿಸಿ, ಪ್ಲಗ್ಗಿನ ತುದಿ ಬಿಳಿ. ಹದ ಸರಿ ಇದ್ದರೆ ಪ್ಲಗ್ಗಿನ ಬಣ್ಣ ಚೆನ್ನಾಗಿ ಬೆಂದ ಬಿಸ್ಕತ್ತಿನ ಹಾಗೆ ತಿಳಿ ಕಂದು.

ಈ ಹದವನ್ನು ಕಾರ್ಬ್ಯುರೇಟರ್ ಸಾಧಿಸುವ ರೀತಿ ಚೆಲುವಾದದ್ದು. ಗಾಳಿ ಹೋಗುವ ಕೊಳವೆಯ ನಡುವೆ ಒಂದು ಕಿರಿದಾದ ಗಂಟಲು ಇರುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ಓಡಲೇಬೇಕು; ಓಡುವ ಗಾಳಿಯ ಒತ್ತಡ ತಗ್ಗುತ್ತದೆ. ಇಟಲಿಯ ವೆಂಚುರಿ 1797ರಲ್ಲಿ ನೀರಿನ ಹರಿವಿನಲ್ಲಿ ಬರೆದಿಟ್ಟ ಗುಣವಿದು. ಗಂಟಲಿನ ಕೆಳಗೆ ಪೆಟ್ರೋಲಿನ ಒಂದು ಪುಟ್ಟ ಬಟ್ಟಲು. ಅದರಲ್ಲಿ ತೇಲುವ ಫ್ಲೋಟ್, ನಿಮ್ಮ ಕಟ್ಟಡದ ತಾರಸಿ ಮೇಲಿನ ನೀರಿನ ಟ್ಯಾಂಕಿನ ಬಾಲ್‌ಕಾಕ್ ಇದ್ದಂತೆಯೇ, ಮಟ್ಟ ಏರಿದರೆ ಬಾಗಿಲು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಬಟ್ಟಲಿನ ಮೇಲೆ ಹೊರಗಿನ ಗಾಳಿಯ ಒತ್ತಡ, ಗಂಟಲಿನಲ್ಲಿ ಕಡಿಮೆ ಒತ್ತಡ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ಎಳೆದು, ಗಾಳಿಯಲ್ಲಿ ತುಂತುರಾಗಿ ಚೆಲ್ಲುತ್ತದೆ. ಪಂಪಿಲ್ಲ, ವೈರಿಲ್ಲ. ಗಾಳಿ ಹೆಚ್ಚು ಓಡಿದರೆ ಪೆಟ್ರೋಲ್ ಹೆಚ್ಚು, ಕಡಿಮೆ ಓಡಿದರೆ ಕಡಿಮೆ. 1893ರಲ್ಲಿ ಜರ್ಮನಿಯ ಮೈಬಾಖ್, ಹಂಗೇರಿಯ ಬಾಂಕಿ ಮತ್ತು ಚೋಂಕಾ ತಮ್ಮ ತಮ್ಮ ಕಡೆ ಈ ತುಂತುರಿನ ಉಪಾಯ ಕಂಡುಕೊಂಡ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಲೋಕದ ಬೈಕು-ಕಾರುಗಳು ಇದರ ಮೇಲೆ ನಡೆದವು.

ಒಂದೇ ಜೆಟ್ ಎಲ್ಲ ವೇಗಕ್ಕೂ ಸಾಲದು. ಸಿಗ್ನಲ್ಲಿನಲ್ಲಿ ನಿಂತಾಗ, ನಿಧಾನ ಸಾಗುವಾಗ ಪೈಲಟ್ ಜೆಟ್. ಆಕ್ಸಿಲರೇಟರ್ ಅರ್ಧದಷ್ಟು ತಿರುಗಿಸಿದಾಗ ಮೊನೆಯಾದ ಸೂಜಿ ಮೇಲೇರಿ ದಾರಿ ಬಿಡುತ್ತದೆ. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ತಣ್ಣಗಿನ ಎಂಜಿನ್ನಿಗೆ ಚೋಕ್. ಈ ನಾಲ್ಕೂ ಸೇರಿ ಒಂದು ಬೈಕಿನ ಸ್ವಭಾವ. ಆ ಸ್ವಭಾವವನ್ನು ಹಿತ್ತಾಳೆಯಲ್ಲಿ ಕೊರೆದಿಟ್ಟಿದ್ದಾರೆ. ಹೊಟೇಲಿನ ಭಟ್ಟರು ಮಳೆಗಾಲಕ್ಕೊಂದು, ಬೇಸಿಗೆಗೊಂದು ಎಂದು ದೋಸೆ ಹಿಟ್ಟಿನ ನೀರು ಬದಲಿಸುತ್ತಾರೆ. ಹಿತ್ತಾಳೆ ಬದಲಿಸಲಾರದು.

ಇದು ತೋರಲು ಕಲ್ಯಾಣ್‌ನಿಂದ ಮುರ್ಬಾಡ್ ದಾಟಿ ಮಾಲ್ಶೇಜ್ ಘಾಟಿ ಹತ್ತಿದರೆ ಸಾಕು. ಕಲ್ಯಾಣ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ. ಘಾಟಿ ಸುಮಾರು 700 ಮೀಟರ್ ಎತ್ತರ. ಅಲ್ಲಿ ಗಾಳಿ ನೂರಕ್ಕೆ ಏಳರಷ್ಟು ತೆಳು. ಜೆಟ್ ಅದೇ, ಗಾಳಿ ತೆಳು. ಲೆಕ್ಕ ಹಾಕಿದರೆ ಮಿಶ್ರಣ ಮೂರೂವರೆ ಪರ್ಸೆಂಟ್‌ನಷ್ಟು ರಿಚ್ ಆಗುತ್ತದೆ. ಬೈಕು ಸ್ವಲ್ಪ ಮಂಕಾಗುತ್ತದೆ, ಕೆಳಗಿಳಿದರೆ ಸರಿಹೋಗುತ್ತದೆ. ಈ ಮೂರೂವರೆಯನ್ನು ನೆನಪಿಟ್ಟುಕೊಳ್ಳಿ.

ಎಥೆನಾಲಿನ ಲೆಕ್ಕ

ಎಥೆನಾಲ್ ತನ್ನ ಆಮ್ಲಜನಕದ ಒಂದು ಪಾಲನ್ನು ಮನೆಯಿಂದಲೇ ತರುತ್ತದೆ. ಅದರ ಅಣುವಿನೊಳಗೇ ಆಮ್ಲಜನಕ ಇದೆ. ಆದ್ದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಗ್ರಾಮಿಗೆ 14.7 ಅಲ್ಲ, ಸುಮಾರು 9. ನೂರಕ್ಕೆ ಇಪ್ಪತ್ತು ಬೆರೆಸಿದಾಗ ಇಡೀ ಮಿಶ್ರಣಕ್ಕೆ ಬೇಕಾಗುವ ಗಾಳಿ ಸುಮಾರು 13.5ಕ್ಕೆ ಇಳಿಯುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಗಾಳಿ ಬಿಡುತ್ತಿರುತ್ತದೆ. ಫಲವಾಗಿ ಮಿಶ್ರಣ ಎಂಟು-ಒಂಬತ್ತು ಪರ್ಸೆಂಟ್ ಲೀನ್. ಹತ್ತು ಪರ್ಸೆಂಟ್ ಎಥೆನಾಲಿಗೆ ಹೊಂದಿಸಿದ ಬೈಕಾದರೂ ನಾಲ್ಕು ಪರ್ಸೆಂಟಿಗಿಂತ ಹೆಚ್ಚು ಲೀನ್.

ಈಗ ಮಾಲ್ಶೇಜ್‌ನ ಮೂರೂವರೆಗೆ ಇದನ್ನು ಹೋಲಿಸಿ. ಒಂದು ಘಾಟಿ ಹತ್ತಿದರೆ ಹದ ಎಷ್ಟು ಕೆಡುತ್ತದೋ, ಹಳೆಯ ಬೈಕಿನಲ್ಲಿ ಬಂಕಿನ ಪೆಟ್ರೋಲ್ ಅದರ ಎರಡರಷ್ಟಕ್ಕೂ ಹೆಚ್ಚು ಕೆಡಿಸಿದೆ, ತಿರುಗುಮುರುಗು ದಿಕ್ಕಿನಲ್ಲಿ. ಘಾಟಿಯಿಂದ ಸಂಜೆಗೆ ಕೆಳಗಿಳಿಯಬಹುದು. ಇದರಿಂದ ಇಳಿಯುವ ದಾರಿ ಇಲ್ಲ. ನಮ್ಮಲ್ಲಿ ನೂರು ಸಿಸಿ ಬೈಕುಗಳನ್ನು ಮೈಲೇಜಿನ ಜಾಹೀರಾತಿಗಾಗಿ ಮೊದಲೇ ಲೀನ್ ಕಡೆಗೆ ವಾಲಿಸಿಯೇ ಮಾರುತ್ತಿದ್ದರು. ಅಂಚಿನಲ್ಲಿದ್ದವನನ್ನು ಇನ್ನೊಂದು ಹೆಜ್ಜೆ ತಳ್ಳಿದಂತಾಯಿತು.

ಇಂಜೆಕ್ಷನ್ ಬೈಕಿಗೆ ಈ ಕಷ್ಟ ಇಲ್ಲ, ಏಕೆಂದರೆ ಅದಕ್ಕೊಂದು ಮೂಗಿದೆ. ಸೈಲೆನ್ಸರಿನ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಉಳಿದ ಆಮ್ಲಜನಕವನ್ನು ಮೂಸಿ ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಬಡವನ ಬೈಕಿಗೆ ಆ ಮೂಗಿಲ್ಲ. ಅದರ ಮೂಗು ಮೆಕ್ಯಾನಿಕ್.

ಸರಿಪಡಿಸಲು ಏನು ಬೇಕು? ಪೆಟ್ರೋಲ್ ಹರಿವು ಒಂಬತ್ತು ಪರ್ಸೆಂಟ್ ಹೆಚ್ಚಬೇಕಾದರೆ ಜೆಟ್ಟಿನ ರಂಧ್ರದ ವ್ಯಾಸ ನಾಲ್ಕು ಪರ್ಸೆಂಟಿನಷ್ಟು ಹಿಗ್ಗಿದರೆ ಸಾಕು. ಒಂದು ಮಿಲಿಮೀಟರ್ ರಂಧ್ರ ಇದ್ದದ್ದು 1.04 ಮಿಲಿಮೀಟರ್ ಆಗಬೇಕು. ತಲೆಗೂದಲಿನ ಅರ್ಧ ದಪ್ಪ. ಒಂದು ದೇಶದ ಇಂಧನ ನೀತಿಗೂ ಅದೇ ದೇಶದ ಡೆಲಿವರಿ ಹುಡುಗನ ಬೈಕಿಗೂ ನಡುವಿನ ಅಂತರ ಅಷ್ಟೇ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಜೆಟ್ ಬದಲಿಸಿದರೆ ಕಳೆದುಹೋದ ಮೈಲೇಜ್ ಮರಳಿ ಬರುವುದಿಲ್ಲ. ಎಥೆನಾಲಿನ ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟೇ ಶಕ್ತಿ ಇದೆ. ಅದನ್ನು ಯಾವ ಸ್ಕ್ರೂ ತಿರುಗಿಸಿದರೂ ತುಂಬಲಾಗದು. ನೀತಿ ಆಯೋಗದ 2021ರ ವರದಿಯೇ, ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸಗೊಳಿಸಿ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20ಯಿಂದ 3ರಿಂದ 4 ಪರ್ಸೆಂಟ್ ಮೈಲೇಜ್ ಇಳಿಯುತ್ತದೆ ಎಂದಿದೆ. ದಿನಕ್ಕೆ 60 ಕಿಲೋಮೀಟರ್ ಓಡುವ, ಲೀಟರಿಗೆ 50 ಕೊಡುವ ಬೈಕಿಗೆ ಇದು ತಿಂಗಳಿಗೆ ನೂರು ರೂಪಾಯಿಯ ಮೇಲೆ. ಅದು ಬೆಲೆಯ ಜಗಳ, ಬೇರೆಯೇ ಮಾಡಬೇಕು. ಜೆಟ್ ಸರಿಪಡಿಸುವುದು ಮುಕ್ಕರಿಸುವ, ಬಿಸಿಯಾಗುವ, ಸಿಗ್ನಲ್ಲಿನಲ್ಲಿ ಆರಿಹೋಗುವ ಎಂಜಿನ್ನನ್ನು.

ಗ್ಯಾರೇಜಿನಲ್ಲಿ ಏನಾಗುತ್ತಿದೆ

ಡೊಂಬಿವಲಿ, ಕಲ್ಯಾಣ್‌ನ ಗಲ್ಲಿಗಳ ಗ್ಯಾರೇಜುಗಳಲ್ಲಿ ದೂರು ಒಂದೇ ಬಗೆಯದು: ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುವುದಿಲ್ಲ, ನಡುವೆ ಮಿಸಿಂಗ್, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚುತ್ತಾನೆ. ಬಟ್ಟಲಿನ ತಳದಲ್ಲಿ ಕಂದು ಮಡ್ಡಿ. ‘ಕಚರಾ ಬಂದಿದೆ’ ಎನ್ನುತ್ತಾನೆ. ಸುಳ್ಳಲ್ಲ. ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡನ್ನು ಎಥೆನಾಲ್ ಕರಗಿಸಿ ತರುತ್ತದೆ, ಅದು ಕೂದಲಿನಷ್ಟು ಕಿರಿದಾದ ಪೈಲಟ್ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ. ಸ್ಟೇಷನ್ ಪಾರ್ಕಿಂಗ್‌ನಲ್ಲಿ ಮಳೆಗೆ ಒಡ್ಡಿಕೊಂಡು ನಿಂತ, ಕ್ಯಾಪಿನ ರಬ್ಬರ್ ಸವೆದ ಟ್ಯಾಂಕಿಗೆ ಇದು ಒಳ್ಳೆಯ ಸುದ್ದಿಯಲ್ಲ. ಹಳೆಯ ಓ-ರಿಂಗು, ಫ್ಲೋಟ್ ಸೂಜಿಯ ರಬ್ಬರ್ ತುದಿ ಉಬ್ಬಿದರೆ ಓವರ್‌ಫ್ಲೋ.

ಆದರೆ ಕಚರಾ ತೆಗೆದ ಮೇಲೂ ಹದ ಕೂಡುವುದಿಲ್ಲ, ಏಕೆಂದರೆ ಜೆಟ್ ಹಳೆಯದೇ. ಆಗ ಮೆಕ್ಯಾನಿಕ್ ತನಗೆ ತಿಳಿದ ಉಪಾಯ ಹೂಡುತ್ತಾನೆ. ಐಡಲ್ ಏರಿಸುತ್ತಾನೆ. ಏರ್ ಸ್ಕ್ರೂ ತಿರುಗಿಸುತ್ತಾನೆ. ಕೆಲವರು ತಾಮ್ರದ ತಂತಿ ಚುಚ್ಚಿ ಜೆಟ್ ಸ್ವಚ್ಛ ಮಾಡುವ ನೆಪದಲ್ಲಿ ತೂತನ್ನೇ ಹಿಗ್ಗಿಸುತ್ತಾರೆ. ಕೂದಲಿನ ಅರ್ಧ ದಪ್ಪ ಬೇಕಿದ್ದ ಕಡೆ ಕೂದಲಿನ ಮೂರರಷ್ಟು ಹಿಗ್ಗಿದರೆ ಲೀನ್ ಹೋಗಿ ರಿಚ್ ಬಂತು. ಬೈಕು ಓಡುತ್ತದೆ, ಹೊಗೆಯೂ ಓಡುತ್ತದೆ. ಇದಕ್ಕೆ ಮೆಕ್ಯಾನಿಕ್‌ನನ್ನು ದೂರುವುದು ತಪ್ಪು. ಯಾವ ಮಾಡೆಲಿಗೆ ಯಾವ ನಂಬರಿನ ಜೆಟ್ ಎಂದು ಅವನಿಗೆ ಹೇಳಬೇಕಾದವರು ಹೇಳಿಲ್ಲ. ಕತ್ತಲಲ್ಲಿ ಬಿಟ್ಟವನು ತಡಕಾಡುತ್ತಾನೆ.

ಪಿಯುಸಿ ತಪಾಸಣೆಯಲ್ಲಿ ಇದು ಸಿಕ್ಕಿಬೀಳಬೇಕಲ್ಲವೇ ಎಂದು ನೀವು ಕೇಳಬಹುದು. ಬೀಳುವುದಿಲ್ಲ. ದ್ವಿಚಕ್ರ ವಾಹನದ ಪಿಯುಸಿ ಎಂಜಿನ್ ಐಡಲಿನಲ್ಲಿರುವಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎರಡನ್ನೇ ಅಳೆಯುತ್ತದೆ. ಐಡಲಿನಲ್ಲಿ ದುಡಿಯುವುದು ಪೈಲಟ್ ಜೆಟ್. ಘೋಡ್‌ಬಂದರ್ ರಸ್ತೆಯ ಏರಿನಲ್ಲಿ ದುಡಿಯುವ ಮೇನ್ ಜೆಟ್ಟಿನ ಕಡೆ ಆ ನಳಿಕೆ ನೋಡುವುದೇ ಇಲ್ಲ. ತುಸು ಲೀನ್ ಆದ ಎಂಜಿನ್ನಿನ ಮೊನಾಕ್ಸೈಡ್ ಕಡಿಮೆಯೇ ಇರುವುದರಿಂದ ಚೀಟಿಯಲ್ಲಿ ‘ಪಾಸ್’. ಎಂಜಿನ್ ಕೆಮ್ಮುತ್ತಿದ್ದರೂ ಕಾಗದ ಆರೋಗ್ಯವಾಗಿದೆ.

ಗ್ಯಾಸಿಗೆ ಒಂದು ನ್ಯಾಯ

ಇಂಧನ ಬದಲಿಸುವಾಗ ಹದ ಮಾಡುವ ಸಾಧನವನ್ನೂ ಬದಲಿಸಬೇಕು ಎಂಬುದು ಹೊಸ ಬೇಡಿಕೆಯಲ್ಲ. ನಮ್ಮ ಕಣ್ಣೆದುರೇ ಇದು ಒಮ್ಮೆ ಸರಿಯಾಗಿ ನಡೆದಿದೆ. ಮುಂಬಯಿಯ ಹೊಗೆಯ ಬಗ್ಗೆ 1999ರಲ್ಲಿ ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ ಹೈಕೋರ್ಟಿಗೆ ಹೋದ ಪ್ರಕರಣದ ಬೆನ್ನಲ್ಲೇ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಮುಂದೆ ಥಾಣೆ, ಕಲ್ಯಾಣ್, ನವಿ ಮುಂಬಯಿಯ ರಿಕ್ಷಾಗಳೂ ಅದೇ ದಾರಿ ಹಿಡಿದವು. ಸಿಎನ್‌ಜಿಗೆ ಗ್ರಾಮಿಗೆ ಸುಮಾರು 17 ಗ್ರಾಂ ಗಾಳಿ ಬೇಕು. ಪೆಟ್ರೋಲಿನ ಕಾರ್ಬ್ಯುರೇಟರಿಗೆ ಸುಮ್ಮನೆ ಗ್ಯಾಸ್ ಬಿಟ್ಟರಾಯಿತು ಎಂದು ಯಾರೂ ಹೇಳಲಿಲ್ಲ. ಕಿಟ್ ಬಂತು, ಅದರಲ್ಲಿ ಗ್ಯಾಸಿಗೆಂದೇ ಅಳೆದು ಮಾಡಿದ ಮಿಕ್ಸರ್ ಬಂತು, ಕೂರಿಸಲು ಅಧಿಕೃತ ಕೇಂದ್ರಗಳು ಬಂದವು, ಆರ್‌ಸಿ ಪುಸ್ತಕದಲ್ಲಿ ನಮೂದಾಯಿತು, ಸಿಲಿಂಡರ್ ಪರೀಕ್ಷೆಗೆ ಮೂರು ವರ್ಷದ ಗಡುವಾಯಿತು. ಖರ್ಚು ಇತ್ತು, ಗಲಾಟೆ ಇತ್ತು, ಆದರೆ ವ್ಯವಸ್ಥೆಯೂ ಇತ್ತು. ಗ್ಯಾಸಿನ ಬದಲಾವಣೆ ದೊಡ್ಡದು, ಸಿಲಿಂಡರ್ ಅಪಾಯದ್ದು, ನಿಜ. ಆದರೆ ಸಣ್ಣ ಬದಲಾವಣೆಗೆ ಸಣ್ಣ ವ್ಯವಸ್ಥೆಯಾದರೂ ಬೇಡವೇ?

ಆ ಟ್ಯಾಕ್ಸಿಗಳ ಕಥೆಯಲ್ಲಿ ಇನ್ನೊಂದು ಪಾಠವಿದೆ, ಮತ್ತು ಅದರ ತುದಿ ಕನ್ನಡನಾಡಿನಲ್ಲಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಎಪ್ಪತ್ತು ದಾಟಿದ ಸರ್ ಎಂ. ವಿಶ್ವೇಶ್ವರಯ್ಯ ಯುರೋಪು, ಅಮೆರಿಕ ಸುತ್ತಿ ಯೋಜನೆ ತಯಾರಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಬೆಂಗಳೂರಿನಲ್ಲಿ ಕಾರ್ಖಾನೆಯ ಮಾತಾಯಿತು, ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಾಲ್‌ಚಂದರ ವಿಮಾನ ಕಾರ್ಖಾನೆ ಬಂತು, ಇಂದಿನ ಎಚ್‌ಎಎಲ್. ಕಾರಿನ ಕನಸು ಮುಂಬಯಿಗೆ ಹೋಗಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಯಿತು. ಕುರ್ಲಾದಲ್ಲಿ ಅದರ ಕಾರ್ಖಾನೆ. ಮುಂದೆ ಡೊಂಬಿವಲಿಯ ಕಲ್ಯಾಣ್-ಶಿಳ್ ರಸ್ತೆಯಲ್ಲೂ ಒಂದು. ಜನ ಫಿಯೆಟ್ ಎಂದೇ ಕರೆದ ಪ್ರೀಮಿಯರ್ ಪದ್ಮಿನಿ ಆ ಕಂಪನಿಯದು. ಇಂದು ಡೊಂಬಿವಲಿಯಲ್ಲಿ ಪ್ರೀಮಿಯರ್ ಎಂದರೆ ಒಂದು ಮೈದಾನದ ಹೆಸರು, ಸುತ್ತ ಗಗನಚುಂಬಿ ಕಟ್ಟಡಗಳು.

ಪಾಠ ಇದು: ಪದ್ಮಿನಿಯ ತಯಾರಿಕೆ ಸುಮಾರು 2000ದಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ ರಸ್ತೆಯಿಂದ ಸರಿದದ್ದು 2023ರ ಅಕ್ಟೋಬರಿನಲ್ಲಿ. ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕಾರುಗಳನ್ನು ಓಡಿಸಿದ್ದು ಗ್ಯಾರೇಜುಗಳು, ಬಿಡಿಭಾಗದ ಅಂಗಡಿಗಳು, ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡ ಚಾಲಕರು. ತಯಾರಿಸಿದವರು ಕೈಬಿಟ್ಟ ಮೇಲೂ ಯಂತ್ರ ಬದುಕುತ್ತದೆ, ಬದುಕಿಸುವವರು ಬೇರೆ. ಕಾರ್ಬ್ಯುರೇಟರ್ ಬೈಕಿಗೂ ಅದೇ ಆಗಲಿದೆ. ಹಾಗಾದರೆ ತಿಳಿವಳಿಕೆ ಇರಬೇಕಾದದ್ದು ಶೋರೂಮಿನ ಕಂಪ್ಯೂಟರಿನಲ್ಲಲ್ಲ, ಗಲ್ಲಿಯ ಗ್ಯಾರೇಜಿನಲ್ಲಿ.

ಆಕ್ಷೇಪಗಳು

ಮೊದಲನೆಯದು: ಸರ್ಕಾರ ಈಗಾಗಲೇ ಉತ್ತರ ಕೊಟ್ಟಿದೆ. ಹೌದು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ, ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗ, ಸರ್ವಿಸಿನಲ್ಲೇ ಆಗುವಂಥದ್ದು ಎಂದಿತು. ರಬ್ಬರಿನ ಮಾತು ಸರಿ. ಹದದ ಮಾತೆಲ್ಲಿ? ಟ್ಯೂನಿಂಗ್ ಬದಲಿಸಿದರೆ ನಷ್ಟ ತಗ್ಗಿಸಬಹುದು ಎಂಬ ವಾಹನ ತಯಾರಕರ ಮಾತು ನೀತಿ ಆಯೋಗದ ವರದಿಯಲ್ಲೇ ಇದೆ. ಹೊಸ ವಾಹನಗಳಿಗೆ ಆ ಟ್ಯೂನಿಂಗ್ ಬಂತು. ಹಳೆಯವಕ್ಕೂ ಬರಲಿ ಎನ್ನುವುದು ಅತಿಯಾಸೆಯಲ್ಲ.

ಎರಡನೆಯದು: ಎಥೆನಾಲ್ ಇಲ್ಲದ ಪೆಟ್ರೋಲನ್ನೇ ಮತ್ತೆ ಕೊಡಿ ಎನ್ನುವವರದು. ಆ ಆಯ್ಕೆ ಬೇಕೆಂದು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಪ್ರತಿ ಬಂಕಿನಲ್ಲಿ ಇನ್ನೊಂದು ಟ್ಯಾಂಕ್ ಹೂಳುವುದು ದುಬಾರಿ. ಸಿಕ್ಕರೂ ಅದು ಹೆಚ್ಚು ಬೆಲೆಯ ನಳಿಕೆಯಲ್ಲೇ ಸಿಗುತ್ತದೆ, ಸ್ಟೇಷನ್ ಬೈಕಿನವನಿಗೆ ಎಟುಕುವುದಿಲ್ಲ. ಟ್ಯಾಂಕ್ ಹೂಳುವುದಕ್ಕಿಂತ ಜೆಟ್ ಬದಲಿಸುವುದು ಸುಲಭ.

ಮೂರನೆಯದು: ಹೇಗೂ ಸಾಯುತ್ತಿರುವ ಯಂತ್ರಕ್ಕೆ ಇಷ್ಟೆಲ್ಲ ಯಾಕೆ, ಹಳೆಯದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಲಿ. ಈ ಮಾತು ಹೇಳುವವರು ಸಾಮಾನ್ಯವಾಗಿ ಹೊಸದು ಕೊಂಡವರೇ. ಸಾಲದಲ್ಲಿ ಬೈಕು ಕೊಂಡು, ಸಾಲ ತೀರಿದ ಮೇಲೆಯೇ ಅದು ತನ್ನದು ಎಂದು ನೆಮ್ಮದಿ ಪಟ್ಟವನಿಗೆ ಇದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ. ಪರಿಸರದ ದೃಷ್ಟಿಯಿಂದಲೂ, ಹದ ತಪ್ಪಿ ಹತ್ತು ವರ್ಷ ಓಡುವುದಕ್ಕಿಂತ ಹದದಲ್ಲಿ ಓಡುವುದು ಮೇಲು.

ಏನು ಮಾಡಬೇಕು

ಒಂದು, ಕಾರ್ಬ್ಯುರೇಟರ್ ಇರುವ ಪ್ರತಿ ಮಾಡೆಲಿಗೂ ಇ20ಗೆ ತಕ್ಕ ಪೈಲಟ್ ಜೆಟ್, ಮೇನ್ ಜೆಟ್ಟಿನ ನಂಬರು, ಸೂಜಿಯ ಕ್ಲಿಪ್ ಯಾವ ಗೆರೆಯಲ್ಲಿರಬೇಕು, ಏರ್ ಸ್ಕ್ರೂ ಎಷ್ಟು ಸುತ್ತು ಎಂಬುದನ್ನು ತಯಾರಕರು ಬಹಿರಂಗವಾಗಿ ಪ್ರಕಟಿಸಬೇಕು. ಒಂದು ಹಾಳೆಯ ಕೆಲಸ. ಮರಾಠಿ, ಹಿಂದಿ, ಕನ್ನಡ, ತಮಿಳು, ಹೀಗೆ ಮೆಕ್ಯಾನಿಕ್ ಓದುವ ಭಾಷೆಯಲ್ಲಿ.

ಎರಡು, ಆ ಜೆಟ್‌ಗಳು, ಬಟ್ಟಲಿನ ಗ್ಯಾಸ್ಕೆಟ್, ಓ-ರಿಂಗು, ಪೆಟ್ರೋಲ್ ಪೈಪು ಸೇರಿದ ಒಂದು ಕಿಟ್ ಅಸಲು ಬೆಲೆಯಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಸಿಗಬೇಕು. ಎಥೆನಾಲ್ ನೀತಿಯಿಂದ ಕಚ್ಚಾತೈಲದ ಆಮದಿನಲ್ಲಿ ವಿದೇಶಿ ವಿನಿಮಯ ಉಳಿಯಿತು ಎಂದು ಸರ್ಕಾರ ಲೆಕ್ಕ ಕೊಡುತ್ತದೆ. ಉಳಿದದ್ದರಲ್ಲಿ ಒಂದು ಪುಡಿಕಾಸು ಈ ಕಿಟ್ಟಿಗೆ ಬರಲಿ.

ಮೂರು, ಆರು ತಿಂಗಳಿಗೋ ವರ್ಷಕ್ಕೋ ಪ್ರತಿ ಬೈಕೂ ಪಿಯುಸಿ ಕೇಂದ್ರಕ್ಕೆ ಹೋಗಲೇಬೇಕು. ಆ ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಅಲ್ಲಿ ಅಚ್ಚಾಗಲಿ: ನಿಮ್ಮ ಬೈಕು ಕಾರ್ಬ್ಯುರೇಟರಿನದ್ದಾದರೆ ಇದನ್ನು ಮಾಡಿಸಿ. ವಾಗ್ಳೆ ಎಸ್ಟೇಟ್, ಅಂಬರನಾಥದಂಥ ಕಡೆಯ ಐಟಿಐಗಳಲ್ಲಿ ಗಲ್ಲಿಯ ಮೆಕ್ಯಾನಿಕ್‌ಗಳಿಗೆ ಒಂದು ಭಾನುವಾರದ ಪಾಠ ಇಟ್ಟರೆ ತಂತಿ ಚುಚ್ಚುವ ಚಾಳಿ ಅಷ್ಟಕ್ಕಷ್ಟೇ ನಿಲ್ಲುತ್ತದೆ.

ನಾಲ್ಕು, ಬಂಕಿನ ನಳಿಕೆಯ ಮೇಲೆ ಎಥೆನಾಲ್ ಎಷ್ಟಿದೆ ಎಂದು ದಪ್ಪಕ್ಷರದಲ್ಲಿ ಬರೆಯಲಿ. ಇಪ್ಪತ್ತರ ಮೇಲೆ ಹೋಗುವ ಮಾತು ಈಗಾಗಲೇ ಕೇಳಿಬರುತ್ತಿದೆ. ಮುಂದಿನ ಹೆಜ್ಜೆಗೆ ಮೊದಲು ಹಿಂದಿನ ಹೆಜ್ಜೆಯ ಲೆಕ್ಕ ಮುಗಿಯಬೇಕು.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲೂ 2020ಕ್ಕಿಂತ ಹಳೆಯ ಬೈಕು ಅಥವಾ ಸ್ಕೂಟರ್ ಇದ್ದರೆ ಇಷ್ಟು ಮಾಡಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಪೆಟ್ರೋಲ್ ಮುಗಿದು ಎಂಜಿನ್ ತಾನೇ ಆರುವವರೆಗೆ ಓಡಲು ಬಿಡಿ. ಮಳೆಗಾಲಕ್ಕೆ ಮೊದಲು ಟ್ಯಾಂಕಿನ ಕ್ಯಾಪಿನ ರಬ್ಬರ್ ಬದಲಿಸಿ. ಚೋಕ್ ಎಳೆದೇ ಕಿಲೋಮೀಟರುಗಟ್ಟಲೆ ಓಡಿಸಬೇಡಿ. ಉರಿಯದೆ ಉಳಿದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಜೆಟ್ಟಿಗೆ ತಂತಿ ಚುಚ್ಚಲು ಬಿಡಬೇಡಿ, ಗಾಳಿಯ ಒತ್ತಡದಿಂದ ಊದಿಸಿ. ಪ್ಲಗ್ ಬಿಚ್ಚಿದಾಗ ಅದರ ತುದಿಯ ಬಣ್ಣ ನೀವೇ ನೋಡಿ. ಬಿಳಿಚಿದ್ದರೆ ನಿಮ್ಮ ಬೈಕಿನ ಹದ ತಪ್ಪಿದೆ ಎಂದರ್ಥ, ಮತ್ತು ಆ ತಪ್ಪು ನಿಮ್ಮದೂ ಅಲ್ಲ, ಮೆಕ್ಯಾನಿಕ್‌ನದೂ ಅಲ್ಲ.